ಕಣಜ ತುಂಬಿದೆ, ತೊಟ್ಟಿಲು ಖಾಲಿ: ಬ್ಯಾನಿಶ್ಡ್‌ನಲ್ಲಿ ಜನಸಂಖ್ಯೆ ಕುಸಿಯೋದನ್ನ ತಡೆಯೋದು ಹೇಗೆ?

ಠಾಣೆ_ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ಊರು ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟ ಬ್ಯಾನಿಶ್ಡ್ ಬಗ್ಗೆ ಒಂದು ಪ್ರಶ್ನೆ. ಮೀಡಿಯಂ ಆರಂಭ, ಕಣಿವೆ ನಕಾಶೆ, ಹವಾಮಾನ ಫೇರ್, ಮಾಡ್ (ಆಟವನ್ನ ಬದಲಿಸುವ ಹೊರಗಿನ ಸೇರ್ಪಡೆ) ಯಾವುದೂ ಹಾಕಿಲ್ಲ. ಈಗ 21ನೇ ವರ್ಷ.

17ನೇ ವರ್ಷದಲ್ಲಿ 160 ಜನ ಇದ್ದರು. ಈಗ 116: ದೊಡ್ಡವರು 96, ವಿದ್ಯಾರ್ಥಿಗಳು 9, ಮಕ್ಕಳು 11. ಮನೆ 40, ಎಲ್ಲವೂ ಮರದ್ದು, ಒಂದೂ ಖಾಲಿ ಇಲ್ಲ. ಆಹಾರ 14,000 ಇದೆ. ಸೌದೆ, ಹತಾರ, ಬಟ್ಟೆ ಯಾವುದಕ್ಕೂ ಕೊರತೆಯಿಲ್ಲ. ಆರೋಗ್ಯ, ಸಂತೋಷ ಎರಡೂ ಚೆನ್ನಾಗಿವೆ. ಹಸಿವಿನಿಂದಾಗಲೀ ಚಳಿಯಿಂದಾಗಲೀ ಯಾರೂ ಸತ್ತಿಲ್ಲ. ಬರುವ ಸಂದೇಶವೆಲ್ಲ ವಯಸ್ಸಾಗಿ ತೀರಿಕೊಂಡವರದ್ದೇ.

ಮಕ್ಕಳು ಮಾತ್ರ ಹುಟ್ಟುತ್ತಿಲ್ಲ. ಊಟ ಇದೆ, ಮನೆ ಇದೆ, ಇನ್ನೇನು ಬೇಕು? ಒಟ್ಟಿಗೆ 15 ಮನೆ ಕಟ್ಟಿಬಿಡಲೇ? ಅಥವಾ ಟೌನ್ ಹಾಲ್‌ಗೆ ಬರುವ ನೋಮ್ಯಾಡ್ ಅಲೆಮಾರಿಗಳನ್ನ ಒಳಗೆ ಬಿಡಲೇ?

ಮುಲುಂಡ್_ಚೆಕ್‌ನಾಕಾ
15 ಮನೆ ಒಟ್ಟಿಗೆ ಬೇಡ. ದಯವಿಟ್ಟು ಬೇಡ.

ಕೋಥ್ರೂಡ್_ಗುಡ್ಡ
ಮೊದಲ ಒಂದ್ ಮಾತು ಹೇಳ್ರಿ. ಈ 40 ಮನಿ ಯಾವ ಯಾವ ವರ್ಷ ಕಟ್ಟೀರಿ? ಉತ್ತರ ಎಲ್ಲಾ ಅದರಾಗ ಅದ. ಆಹಾರದ ಲೆಕ್ಕ ಆಮ್ಯಾಲೆ.

ಠಾಣೆ_ಕೆರೆದಂಡೆ
4ನೇ ವರ್ಷದ ಹೊತ್ತಿಗೆ 16 ಇದ್ದವು. 5 ಮತ್ತು 6ನೇ ವರ್ಷದಲ್ಲಿ 24 ಕಟ್ಟಿದೆ. ಆಮೇಲೆ ಒಂದೂ ಕಟ್ಟಿಲ್ಲ, ಜನ ತಾನಾಗೇ ಏರುತ್ತಿದ್ದರಲ್ಲ ಅಂತ.

ಕೋಥ್ರೂಡ್_ಗುಡ್ಡ
ಹಂಗಾದ್ರ ರೋಗ ಸಿಕ್ತು. ಜನ ಏರಿದ್ದು ಆ 24 ಮನಿಯಿಂದ. ಈಗ ಇಳಿಯೋದೂ ಆ 24 ಮನಿಯಿಂದನ.

ಮಾಟುಂಗ_ಫಿಲ್ಟರ್‌ಕಾಫಿ
ಸ್ವಲ್ಪ ಬಿಡಿಸಿ ಹೇಳ್ತೇನೆ ಮಾರಾಯ್ರೆ, ಯಾಕಂದ್ರೆ ಈ ಆಟದಲ್ಲಿ ಎಲ್ಲರೂ ಎಡವುವ ಜಾಗ ಇದೇ.

ಬ್ಯಾನಿಶ್ಡ್‌ನಲ್ಲಿ ಆಟದ ಒಂದು ವರ್ಷ ಕಳೆದರೆ ಮನುಷ್ಯರಿಗೆ ಹತ್ತಿರ ಹತ್ತಿರ 5 ವರ್ಷ ವಯಸ್ಸಾಗ್ತದೆ. ಇದೊಂದನ್ನ ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಲೆಕ್ಕಕ್ಕೆ ಸಿಗ್ತದೆ. ಹುಟ್ಟಿದ ಮಗು 10 ವರ್ಷಕ್ಕೆ, ಅಂದ್ರೆ ಆಟದ 2 ವರ್ಷದೊಳಗೆ, ಕೆಲಸಕ್ಕೆ ಬರ್ತದೆ. ಶಾಲೆ ಇದ್ದರೆ 16ರ ಆಸುಪಾಸು. 75 ವರ್ಷ ಬದುಕಿದವನ ಇಡೀ ಆಯುಷ್ಯ ಆಟದ 15 ವರ್ಷ.

ಎರಡನೇ ನಿಯಮ: ಸ್ವಂತ ಮನೆ ಸಿಕ್ಕಿದ ಜೋಡಿಗೆ ಮಾತ್ರ ಸಂಸಾರ. ಮನೆ ಇಲ್ಲದಿದ್ದರೆ ಹುಡುಗ ಹುಡುಗಿ ಎಷ್ಟೇ ದೊಡ್ಡವರಾಗಲಿ, ಅಪ್ಪ ಅಮ್ಮನ ಜೊತೆಗೇ ಇರ್ತಾರೆ. ಮದುವೆಯೂ ಇಲ್ಲ, ಮಕ್ಕಳೂ ಇಲ್ಲ. ಮೂರನೇ ನಿಯಮ: ಮರದ ಮನೆಯಾಗಲಿ ಕಲ್ಲಿನದಾಗಲಿ, ಒಂದರಲ್ಲಿ 5 ಜನ. ತಂದೆ ತಾಯಿ, ಮೂರು ಬೆಳೆದ ಮಕ್ಕಳು ಅಂತಾದರೆ ಮನೆ ಭರ್ತಿ. ಆ ತಾಯಿಗೆ ಇನ್ನೂ ವಯಸ್ಸಿದ್ದರೂ ಅಲ್ಲಿ ನಾಲ್ಕನೇ ಮಗು ಹುಟ್ಟುವುದಿಲ್ಲ.

ಈಗ ನಿಮ್ಮ ಊರನ್ನ ನೋಡಿ. 6ನೇ ವರ್ಷದಲ್ಲಿ 20 ವಯಸ್ಸಿನ ಜೋಡಿ ಒಂದು ಮನೆ ಹೊಕ್ಕಿತು. 7ನೇ ವರ್ಷ ಅವರಿಗೆ ಮಗಳು ಹುಟ್ಟಿದಳು. 10ನೇ ವರ್ಷಕ್ಕೆ ಅವಳಿಗೆ 15, ಮದುವೆಗೆ ತಯಾರು. ಆದರೆ ಊರಲ್ಲಿ ಹೊಸ ಮನೆ ಇಲ್ಲ. ಅವಳು ಕಾಯ್ತಾಳೆ. ಅಪ್ಪ ಅಮ್ಮ ತೀರಿಕೊಂಡದ್ದು 17 ಅಥವಾ 18ನೇ ವರ್ಷ. ಮನೆ ತೆರವಾಯ್ತು, ಅವಳ ಕೈಗೆ ಬಂತು. ಆಗ ಅವಳ ವಯಸ್ಸೆಷ್ಟು? 11 ವರ್ಷ ಗುಣಿಸು 5, ಐವತ್ತೈದು. ಮನೆ ಬಂದದ್ದು ಹೆರುವ ವಯಸ್ಸು ದಾಟಿದ ಮೇಲೆ. ನಿಮ್ಮ 40 ಮನೆಯೂ ಭರ್ತಿ ಕಾಣುವುದು, ತೊಟ್ಟಿಲು ಖಾಲಿ ಇರುವುದು ಇದಕ್ಕೇ.

ಮುಲುಂಡ್_ಚೆಕ್‌ನಾಕಾ
ಥೇಟ್ ಚಾಳಿನ ಖೋಲಿ ಕಥೆ. ಮುಂಬೈನ ಪರಳ್, ಲಾಲ್‌ಬಾಗ್ ಕಡೆ ಹತ್ತಡಿ ಖೋಲಿಯಲ್ಲಿ ಮೂರು ತಲೆಮಾರು ಇರೋವಾಗ ತಮ್ಮನ ಮದುವೆ ನಿಲ್ಲೋದು ಹುಡುಗಿ ಸಿಗದೆ ಅಲ್ಲ, ಜಾಗ ಇಲ್ಲದೆ.

ಮಾಟುಂಗ_ಫಿಲ್ಟರ್‌ಕಾಫಿ
ಹೌದು, ಸರಿಯಾದ ಹೋಲಿಕೆ. ಒಂದೇ ವ್ಯತ್ಯಾಸ: ಚಾಳಿನಲ್ಲಿ ಮಧ್ಯೆ ಪರದೆ ಕಟ್ಟಿಯಾದರೂ ಸಂಸಾರ ಶುರು ಮಾಡ್ತಾರೆ. ಆಟದಲ್ಲಿ ಅದಕ್ಕೆ ಆಸ್ಪದ ಇಲ್ಲ. ಬೇರೆ ಬಾಗಿಲು ಬೇಕೇ ಬೇಕು.

ವಾಸ್ಕೋ_ಬಂದರು
ಲೆಕ್ಕ ಬರೋಬ್ಬರಿ ಐತಿ. ಆದ್ರ ಔಷಧ ಯಾರೂ ಹೇಳವಲ್ರಿ. ನೋಮ್ಯಾಡ್ ತಗೋರಿ, ಮುಗೀತು.

ಕೋಥ್ರೂಡ್_ಗುಡ್ಡ
ಮುಗಿಯೂದಿಲ್ರಿ. ನೋಮ್ಯಾಡ್ ಬಂದವರಿಗೂ ಮನಿ ಬೇಕಲ್ಲ. ಮನಿ ಭರ್ತಿ ಇದ್ದಾಗ ಅವರನ್ನ ಒಳಗ ಬಿಟ್ರ ನಿರಾಶ್ರಿತರಾಗಿ ತಿರಗ್ತಾರ, ಸಂತೋಷ ಇಳೀತದ. ಬಂದವರು ಒಬ್ರೂ ಕಲಿತವರಲ್ಲ. ಜೊತಿಗೆ ರೋಗನೂ ತರಬಹುದು. ಮೊದಲ ತಮ್ಮ ಊರಾಗಿನ ಹುಡುಗ್ರಿಗೆ ಮನಿ ಕಟ್ರಿ.

ಹಿಂಜವಡಿ_ರಾತ್ರಿಪಾಳಿ
ಒಂದು ನಿಮಿಷ. ಇಬ್ಬರೂ ವಯಸ್ಸಿನ ಲೆಕ್ಕ ನೋಡದೇ ಜಗಳ ಆಡ್ತಿದ್ದೀರಾ. ಮನೆ ಕಟ್ಟಿದ್ರೂ ಅದರೊಳಗೆ ಹೋಗೋಕೆ ಚಿಕ್ಕ ವಯಸ್ಸಿನ ಜೋಡಿ ಇದೆಯಾ? ಠಾಣೆ ಅವರೇ, ಆಟ ನಿಲ್ಲಿಸಿ. ಒಂದೊಂದೇ ಮನೆ ಮೇಲೆ ಕ್ಲಿಕ್ ಮಾಡಿ, ಒಳಗಿರೋರ ವಯಸ್ಸು ತೋರಿಸುತ್ತೆ. 40 ಮನೆ ಅಷ್ಟೇ, ಹತ್ತು ನಿಮಿಷದ ಕೆಲಸ. ಮೂರು ಗುಂಪು ಮಾಡಿ: 30ರ ಕೆಳಗೆ, 30ರಿಂದ 50, 50ರ ಮೇಲೆ. 30ರ ಕೆಳಗಿನ ಹೆಂಗಸರನ್ನ ಬೇರೆ ಎಣಿಸಿ, ಅವರಲ್ಲಿ ಯಾರು ಇನ್ನೂ ಅಪ್ಪನ ಮನೆಯಲ್ಲಿದ್ದಾರೆ ಅಂತಾನೂ ಗುರುತು ಹಾಕಿಕೊಳ್ಳಿ.

ಮಡಗಾಂವ್_ಪ್ಯಾಸೆಂಜರ್
ಅವರು ಎಣಿಸುವಷ್ಟರಲ್ಲಿ ಒಂದು ಪ್ರಶ್ನೆ. ಶಾಲೆ ಮುಚ್ಚಿದರೆ ಮಕ್ಕಳು 10 ವರ್ಷಕ್ಕೇ ದೊಡ್ಡವರಾಗುತ್ತಾರೆ. ಮದುವೆಯೂ ಬೇಗ ಆಗುತ್ತದಲ್ಲ? ಈ ಊರಿಗೆ ಅದೇ ಸುಲಭದ ದಾರಿ ಅನ್ನಿಸುತ್ತದೆ.

ಕೋಥ್ರೂಡ್_ಗುಡ್ಡ
ಏನು ಉಳೀತದ ಅಂತ ಲೆಕ್ಕ ಹಾಕೋಣ. 10ರಿಂದ 16, ಆರು ವಯಸ್ಸು. ಐದರಿಂದ ಭಾಗಿಸಿದ್ರ ಆಟದ ಒಂದು ವರ್ಷ ಚಿಲ್ಲರೆ. ಅಷ್ಟಕ್ಕ ಶಾಲಿ ಮುಚ್ಚಬ್ಯಾಡ್ರಿ. ಕಲಿಯದವನು ಜೀವನಪೂರ್ತಿ ಕಡಿಮಿ ಉತ್ಪನ್ನ ತೆಗೀತಾನ, ಮುಂದ ಕಲಿಸಾಕ ದಾರಿ ಇಲ್ಲ. ಒಂದು ವರ್ಷ ಉಳಿಸಾಕ ಹೋಗಿ ಮುಂದಿನ 12 ವರ್ಷದ ದುಡಿಮಿ ಕಳಕೊಂಡಂಗ.

ವಾಸ್ಕೋ_ಬಂದರು
ಇದಕ್ಕ ನಂದೂ ಒಪ್ಪಿಗಿ. ಇನ್ನೊಂದು ಹೇಳ್ತೀನಿ. ಶಾಲಿ ಇದ್ದೂ ಮಾಸ್ತರ ಸತ್ತು ಆ ಜಾಗ ಖಾಲಿ ಉಳೀತು ಅಂದ್ರ, ಒಳಗಿದ್ದ ಹುಡುಗ್ರೆಲ್ಲಾ ಅರ್ಧಕ್ಕ ಹೊರಗ ಬಂದು ಕಲಿಯದವರಾಗೇ ಕೂಲಿಗೆ ನಿಲ್ತಾರ. ಕೆಲಸಕ್ಕ ಹಚ್ಚದ ಲೇಬರರ್ ಇಬ್ಬರನ್ನ ಯಾವಾಗಲೂ ಕೈಯಾಗ ಇಟ್ಕೋರಿ. ಹಂಗಾದ್ರ ಮಾಸ್ತರನ ಜಾಗ ತಕ್ಷಣ ತುಂಬತೈತಿ. ಮುದುಕರು ಸಾಲಾಗಿ ಸಾಯೋ ವರ್ಷಗಳಾಗ ಇದು ಭಾಳ ಮುಖ್ಯ.

ಮಡಗಾಂವ್_ಪ್ಯಾಸೆಂಜರ್
ಮಾಸ್ತರ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ, ಶಾಲೆ ಇರಲಿ.

ಮಾಟುಂಗ_ಫಿಲ್ಟರ್‌ಕಾಫಿ
ಒಂದು ಶಾಲೆಗೆ 20 ಮಕ್ಕಳು, ಅದನ್ನೂ ಮರೆಯಬೇಡಿ. 21ನೆಯವನಿಗೆ ಜಾಗ ಇಲ್ಲದಿದ್ದರೆ ಅವನು ಕಾಯುವುದಿಲ್ಲ, ನೇರ ಕೆಲಸಕ್ಕೆ ಹೋಗ್ತಾನೆ. ಮನೆಗಳನ್ನ ಒಟ್ಟಿಗೆ ಕಟ್ಟಿದರೆ ಮಕ್ಕಳೂ ಒಟ್ಟಿಗೆ ಹುಟ್ಟಿ, ಶಾಲೆಯ ಬಾಗಿಲಿಗೂ ಒಟ್ಟಿಗೇ ಬರ್ತಾರೆ. ಅರ್ಧ ಜನ ಹೊರಗುಳೀತಾರೆ.

ಠಾಣೆ_ಕೆರೆದಂಡೆ
ಎಣಿಸಿದೆ. ನೋಡಿ ಎದೆ ಧಸಕ್ ಅಂತು.

ದೊಡ್ಡವರು 96ರಲ್ಲಿ:
30ರ ಕೆಳಗೆ 13
30ರಿಂದ 50: 22
50ರ ಮೇಲೆ 61

30ರ ಕೆಳಗಿನ ಹೆಂಗಸರು ಬರೀ 5. ಮೂವರಿಗೆ ಸ್ವಂತ ಮನೆ ಇದೆ, ಇಬ್ಬರು ಅಪ್ಪನ ಮನೆಯಲ್ಲಿ. 9 ಮನೆಯಲ್ಲಿ ಒಬ್ಬೊಬ್ಬರೇ ಮುದುಕರು ಇದ್ದಾರೆ.

ಹಿಂಜವಡಿ_ರಾತ್ರಿಪಾಳಿ
ಇದೇ ನಿಜವಾದ ಅಂಕಿ. ಮೇಲೆ ಕಾಣೋ 116 ಅಲ್ಲ. 61 ಜನ 50 ದಾಟಿದ್ದಾರೆ. 80ರವರೆಗೆ ಬದುಕ್ತಾರೆ ಅಂದರೂ ಉಳಿದಿರೋದು 30, ಐದರಿಂದ ಭಾಗಿಸಿದರೆ 6. ಅಂದ್ರೆ ಇನ್ನು 6 ವರ್ಷದೊಳಗೆ 61 ಜನವೂ ಇರೋಲ್ಲ. ಉಳಿಯೋದು 22 + 13 + ಶಾಲೆಯ 9 + ಮಕ್ಕಳು 11, ಒಟ್ಟು 55. ಇವತ್ತಿನಿಂದ ಏನೇ ಮಾಡಿದ್ರೂ ಜನಸಂಖ್ಯೆ ಮೊದಲು ಇಳಿದೇ ಇಳಿಯುತ್ತೆ. ಅದನ್ನ ತಡೆಯೋಕೆ ಆಗಲ್ಲ, ಇಳಿಜಾರನ್ನ ಸ್ವಲ್ಪ ಮೆತ್ತಗೆ ಮಾಡಬಹುದು ಅಷ್ಟೇ.

ವಾಸ್ಕೋ_ಬಂದರು
ನೋಡ್ರಿ ಈಗ. ಕೋಥ್ರೂಡ್ ಅವರ ಮಾತಿನಂಗ ಮನಿ ಕಟ್ಟಿದ್ರೂ ಒಳಗ ಯಾರು ಹೋಗ್ತಾರ? ಶಾಲಿ ಹುಡುಗ್ರು, ಸಣ್ಣ ಮಕ್ಕಳು ಕೂಡಿ 20. ಗಂಡು ಹೆಣ್ಣು ಸಮ ಇದ್ರೂ 10 ಜೋಡಿ. ಅದೂ ಇನ್ನ ಮೂರು ವರ್ಷದಾಗ ಹಂತ ಹಂತವಾಗಿ. ವಯಸ್ಸಿನ ಹುಡುಗಿಯರು ಊರಾಗ ಇಲ್ಲದಾಗ ಹೊರಗಿಂದ ತರಬೇಕು, ಬ್ಯಾರೆ ದಾರಿ ಇಲ್ಲ. ನೋಮ್ಯಾಡ್ ಗುಂಪಿನಾಗ ಎಲ್ಲಾ ವಯಸ್ಸಿನವರು ಕೂಡಿ ಬರ್ತಾರ, ಅದ ಅವರ ಬೆಲಿ.

ಕೋಥ್ರೂಡ್_ಗುಡ್ಡ
ಈ ಅಂಕಿ ನೋಡಿದ ಮ್ಯಾಲೆ ಒಪ್ಪಿದೆ. ನೋಮ್ಯಾಡ್ ಬೇಕು. ಆದ್ರ ಗುಂಪು ಬರೂದಕ್ಕ ಮೊದಲ ತಯಾರಿ ಬೇಕು, ಬಂದ ಮ್ಯಾಲೆ ಅಲ್ಲ. ಲೆಕ್ಕ ಕೊಡ್ತೀನಿ, 20 ಜನರ ಗುಂಪು ಅಂತ ಹಿಡೀರಿ.

ಊಟ: ಒಬ್ಬರಿಗೆ ವರ್ಷಕ್ಕ ಸುಮಾರು 100. 20 ಜನಕ್ಕ 2,000. ಇದ್ದ 116 ಜನಕ್ಕ 11,600. ಕೂಡಿಸಿದ್ರ 13,600. ಕಣಜದಾಗ 14,000 ಅದ. ಅಂದ್ರ ಈ ವರ್ಷದ ಫಸಲು ಪೂರ್ತಿ ಕೈಕೊಟ್ರೂ ಸಾಯೂದಿಲ್ಲ. ಅದಕ ಇದು ಸುರಕ್ಷಿತ. ಕಣಜದಾಗ 5,000 ಇದ್ದಿದ್ರ ನಾನ ಬ್ಯಾಡ ಅಂತಿದ್ದೆ.

ಮನಿ: 7 ಬೇಕು. ಮರದ ಮನಿ ಒಂದಕ್ಕ 16 ದಿಮ್ಮಿ, 8 ಕಲ್ಲು. ಏಳಕ್ಕ 112 ದಿಮ್ಮಿ, 56 ಕಲ್ಲು. ಕಲ್ಲಿನ ಮನಿಗೆ 24 ದಿಮ್ಮಿ, 40 ಕಲ್ಲು, 10 ಕಬ್ಬಿಣ ಬೇಕು. ಸೌದಿ ಕಡಿಮಿ ತಿಂತದ, ಖರೆ. ಆದ್ರ ಈಗ ಆ ಕೆಲಸಕ್ಕ ಕೈ ಹಾಕಬ್ಯಾಡ್ರಿ, ಕಲ್ಲು ಒಡೆಯುವ ಜನ ನಿಮ್ಮ ಹತ್ರ ಇನ್ನ ನಾಕು ವರ್ಷಕ್ಕ ಇರೂದಿಲ್ಲ.

ಹತಾರ, ಬಟ್ಟಿ: ಬಂದ ದೊಡ್ಡವರು ಒಬ್ಬೊಬ್ಬರೂ ಒಂದು ಹತಾರ, ಒಂದು ಕೋಟು ಎತಗೊಂಡು ಹೋಗ್ತಾರ. ಗೋದಾಮಿನಾಗ 25 ಹತಾರ ಹೆಚ್ಚಿಗಿ ಇರಬೇಕು. ಇಲ್ಲದಿದ್ರ ಹಳಬರ ಹತಾರ ಸವೆದಾಗ ಸಿಗೂದಿಲ್ಲ, ಇಡೀ ಊರಿನ ಕೆಲಸ ನಿಧಾನ ಆಗ್ತದ.

ಆಸ್ಪತ್ರಿ: ಒಬ್ಬ ವೈದ್ಯ ಹಚ್ಚಿ ಇಡ್ರಿ. ರೋಗ ಬಂದ ಮ್ಯಾಲೆ ಅಡಿಪಾಯ ಹಾಕೂದಲ್ಲ.

ಮಾಟುಂಗ_ಫಿಲ್ಟರ್‌ಕಾಫಿ
ಬೋರ್ಡಿಂಗ್ ಹೌಸ್ ಒಂದು ಇರಲಿ. ಬಂದ ಕುಟುಂಬಗಳು ಮನೆ ಏಳುವವರೆಗೆ ಅಲ್ಲಿ ನಿಲ್ತಾರೆ. ಅದೇ ಕಾಯಂ ಬಿಡಾರ ಆಗದ ಹಾಗೆ ನೋಡಿಕೊಳ್ಳಿ.

ಕೋಥ್ರೂಡ್ ಅವರ ಲೆಕ್ಕಕ್ಕೆ ಒಂದು ಸೇರಿಸ್ತೇನೆ. ಹೊಸ ಮನೆ ಎದ್ದ ಕೂಡಲೇ ಕಣಜದ ಅಂಕಿ ದಿಢೀರ್ ಇಳೀತದೆ. ಹೆದರಬೇಡಿ. ಪ್ರತಿ ಮನೆಯೂ ತನ್ನ ಅಡುಗೆಮನೆಗೆ ಬೇರೆ ದಾಸ್ತಾನು ಮಾಡಿಕೊಳ್ತದೆ, ಬೇರೆ ಸೌದೆ ಪೇರಿಸ್ತದೆ. ಬಾಯಿ ಅಷ್ಟೇ ಇದ್ದರೂ ಒಲೆ ಹೆಚ್ಚಾಯ್ತಲ್ಲ. ಹತ್ತು ಮನೆಗಳಿಗೆ ಹತ್ತು ಒಲೆ. ಸೌದೆ ಕಡಿಯುವವನನ್ನ ಮನೆ ಮುಗಿಯುವ ಮೊದಲೇ ಹೆಚ್ಚಿಸಬೇಕು.

ಠಾಣೆ_ಕೆರೆದಂಡೆ
ಒಂಟಿ ಮುದುಕರ 9 ಮನೆ ಇವೆಯಲ್ಲ, ಅವುಗಳನ್ನ ಕೆಡವಲು ಗುರುತು ಹಾಕಿದರೆ ಅವರು ಹೊರಗೆ ಬರುತ್ತಾರೆ. ಆಮೇಲೆ ರದ್ದು ಮಾಡಿ ಮತ್ತೆ ತೆರೆದರೆ ಜೋಡಿಗಳು ಸೇರಿಕೊಳ್ಳುವುದಿಲ್ಲವೇ? ಹೊಸದಾಗಿ ಕಟ್ಟುವ ಖರ್ಚು ಉಳಿಯುತ್ತದೆ.

ಮಡಗಾಂವ್_ಪ್ಯಾಸೆಂಜರ್
ಇದು ನಡೆಯುತ್ತದೆ. ಮರದ ಮನೆಯನ್ನ ಕಲ್ಲಿನದಾಗಿಸಲು ಅಪ್‌ಗ್ರೇಡ್ ಒತ್ತಿದರೂ ಒಳಗಿನವರು ಹೊರಗೆ ಬರುತ್ತಾರೆ.

ಕೋಥ್ರೂಡ್_ಗುಡ್ಡ
ನಡೀತದ, ಆದ್ರ ಹಗ್ಗದ ಮ್ಯಾಲಿನ ನಡಿಗಿ. ತೆರದ ಮನಿಗೆ ಯಾರು ಹೊಕ್ತಾರ ಅನ್ನೂದು ಆಟದ ಕೈಯಾಗ ಅದ, ನಿಮ್ಮ ಕೈಯಾಗಲ್ಲ. 45 ವಯಸ್ಸಿನ ಜೋಡಿ ಹೊಕ್ತು ಅಂದ್ರ ಏನ್ ಮಾಡ್ತೀರಿ? ಹೊರಗ ಬಿದ್ದ ಮುದುಕ ಚಳಿಗಾಲದಾಗ ಎಲ್ಲಿಗೆ ಹೋಗಬೇಕು? ನಿಮ್ಮ ಊರಾಗ 16 ದಿಮ್ಮಿಗೆ ಬರ ಇಲ್ಲ. ಹೊಸದು ಕಟ್ರಿ.

ಮಾಟುಂಗ_ಫಿಲ್ಟರ್‌ಕಾಫಿ
ನಾನೂ ಅದಕ್ಕೆ. ಆ 9 ಮನೆ ಇನ್ನು ಮೂರ್ನಾಲ್ಕು ವರ್ಷದಲ್ಲಿ ತಾನಾಗೇ ತೆರವಾಗ್ತವೆ. ಅದನ್ನ ಲೆಕ್ಕದಲ್ಲಿ ಹಿಡಿದೇ ಹೊಸ ಮನೆ ಎಷ್ಟು ಅಂತ ನಿರ್ಧರಿಸಿ. ಈಗ ನೋಮ್ಯಾಡ್‌ಗಳಿಗೆ 7, ಅಪ್ಪನ ಮನೆಯಲ್ಲಿರುವ ಇಬ್ಬರು ಹುಡುಗಿಯರಿಗೆ 2. ಒಟ್ಟು 9 ಸಾಕು. ಶಾಲೆ ಮುಗಿಸಿ ಬರುವವರಿಗೆ ಹಳೇ ಮನೆಗಳು ಒಂದೊಂದಾಗಿ ಸಿಕ್ತಾ ಹೋಗ್ತವೆ. ಹಾಗೆ ಒಂದೊಂದಾಗಿ ಸಿಗುವುದೇ ಒಳ್ಳೆಯದು. ಮಕ್ಕಳ ವಯಸ್ಸು ಚದುರ್ತದೆ.

ಹಿಂಜವಡಿ_ರಾತ್ರಿಪಾಳಿ
ಮುಂದಕ್ಕೆ ಬೇಕಾಗೋ ಸೂತ್ರ ಒಂದು ಇದೆ, ಬರೆದಿಟ್ಕೊಳ್ಳಿ. ಜೋಡಿ ಸುಮಾರು 18ಕ್ಕೆ ಮನೆ ಸೇರುತ್ತೆ, 75ರ ಆಸುಪಾಸು ಮನೆ ತೆರವು. ನಡುವೆ 57. ಐದರಿಂದ ಭಾಗಿಸಿದರೆ 11 ಚಿಲ್ಲರೆ. ಅಂದ್ರೆ ಒಂದು ಮನೆ 11 ವರ್ಷಕ್ಕೊಮ್ಮೆ ಕೈ ಬದಲಿಸುತ್ತೆ. ವಯಸ್ಸು ಸಮನಾಗಿ ಹರಡಿರೋ ಊರಲ್ಲಿ 40 ಮನೆ ಇದ್ರೆ ವರ್ಷಕ್ಕೆ 3ರಿಂದ 4 ಮನೆ ಖಾಲಿಯಾಗುತ್ತೆ, ಅಷ್ಟೇ ಹೊಸ ಜೋಡಿ ಸೇರುತ್ತೆ. ಊರು ನಿಂತಲ್ಲೇ ನಿಲ್ಲಬೇಕಂದ್ರೆ ಹೊಸ ಮನೆ ಸೊನ್ನೆ. ಬೆಳೀಬೇಕಂದ್ರೆ ವರ್ಷಕ್ಕೆ ಇನ್ನೊಂದು 2 ಅಥವಾ 3 ಸೇರಿಸಿ. 10 ವರ್ಷ ಪೂರ್ತಿ ಒಂದೇ ವೇಗದಲ್ಲಿ ಕಟ್ಟಿ. ಎರಡು ವರ್ಷ ಬಿರುಸಾಗಿ ಕಟ್ಟಿ ಎಂಟು ವರ್ಷ ಸುಮ್ನಿದ್ದರೆ ಈಗಿನ ಸ್ಥಿತಿಯೇ ಮತ್ತೆ.

ಟೌನ್ ಹಾಲ್‌ನಲ್ಲಿ ಕುಟುಂಬ ಎಷ್ಟು, ಮನೆ ಎಷ್ಟು ಅಂತ ತೋರಿಸುತ್ತೆ. ಕುಟುಂಬದ ಸಂಖ್ಯೆ ಮನೆಗಿಂತ ಜಾಸ್ತಿ ಕಂಡರೆ ಯಾರೋ ಮನೆಗೆ ಕಾಯ್ತಿದ್ದಾರೆ ಅಂತ ಅರ್ಥ. ಆದರೆ ಎರಡೂ ಸಮ ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಅಪ್ಪನ ಮನೆಯಲ್ಲೇ ಇರೋ ದೊಡ್ಡ ಮಕ್ಕಳು ಆ ಲೆಕ್ಕಕ್ಕೆ ಬರಲ್ಲ.

ಮುಲುಂಡ್_ಚೆಕ್‌ನಾಕಾ
ಕೊನೆಯ ಸಾಲು ಚಿನ್ನ.

ಉಡುಪಿ_ಟು_ಉಲ್ಹಾಸ್‌ನಗರ
ನಡುವೆ ಬಾಯಿ ಹಾಕ್ತಿದ್ದೇನೆ. ರಿಮ್‌ವರ್ಲ್ಡ್ ಅನ್ನೋ ಕಾಲೊನಿ ಕಟ್ಟುವ ಆಟದಲ್ಲಿ ಇದೆಲ್ಲ ಎಷ್ಟೋ ಸುಲಭ ಅಲ್ವಾ? ಮನೆ ಕಟ್ಟಿ ಕಾಯಬೇಕಾಗಿಲ್ಲ.

ಹಿಂಜವಡಿ_ರಾತ್ರಿಪಾಳಿ
ಸುಲಭ ಅಲ್ಲ, ಅಲ್ಲಿ ಹಿಡಿತ ನೇರವಾಗಿ ನಮ್ಮ ಕೈಗೆ ಕೊಟ್ಟಿದ್ದಾರೆ. ಅದೂ 2022ರ ಅಕ್ಟೋಬರ್‌ನಲ್ಲಿ ಬಯೋಟೆಕ್ ವಿಸ್ತರಣೆ ಬಂದ ಮೇಲೆ. ಮೂಲ ಆಟದಲ್ಲಿ ಮಕ್ಕಳೇ ಇರಲಿಲ್ಲ. ಪ್ರತಿ ಜೋಡಿಗೂ ಮಗು ಬೇಡ, ಸಹಜ, ಮಗುವಿಗೆ ಪ್ರಯತ್ನ ಅಂತ ಮೂರು ಆಯ್ಕೆ ಕೊಡಬಹುದು. ವ್ಯಾಸೆಕ್ಟಮಿ, ಟ್ಯೂಬಲ್, ಐಯುಡಿ ಅಂತ ಬಸಿರು ತಡೆಯೋ ಶಸ್ತ್ರಕ್ರಿಯೆಗಳೂ ಇವೆ. ಬಸಿರು 18 ದಿನ. ಅಲ್ಲಿಯ ವರ್ಷವೇ 60 ದಿನ ಅನ್ನೋದನ್ನ ನೆನಪಿಡಿ.

ಭಾರ ಬೀಳೋದು ಹೆರಿಗೆ ಆದ ಮೇಲೆ. 3 ವರ್ಷದವರೆಗೆ ಕೂಸು. ತಾಯಿ ಹಾಲು ಕೊಡಬೇಕು, ಇಲ್ಲಾ ಮಗುವಿನ ಆಹಾರ ಬೇಯಿಸಬೇಕು. ಒಬ್ಬರ ಅರ್ಧ ದಿನ ಅದಕ್ಕೇ ಹೋಗುತ್ತೆ. 3ರಿಂದ 13 ಬಾಲ್ಯ, 7, 10, 13ರಲ್ಲಿ ಗುಣ ಕೌಶಲ ಆರಿಸೋ ಘಟ್ಟ. ಆ ಘಟ್ಟಕ್ಕೆ ಮೊದಲು ಮಗು ಎಷ್ಟು ಕಲಿತಿದೆ ಅನ್ನೋದರ ಮೇಲೆ ಆಯ್ಕೆಗಳ ಸಂಖ್ಯೆ ನಿಲ್ಲುತ್ತೆ. ಗ್ರೋತ್ ವ್ಯಾಟ್ ಅನ್ನೋ ಯಂತ್ರದ ತೊಟ್ಟಿಯಲ್ಲಿಟ್ಟು ಬೇಗ ಬೆಳೆಸಬಹುದು, ಆದರೆ ಕಲಿಕೆ ಸೊರಗುತ್ತೆ. ಏಳೆಂಟು ಜನರ ಕಾಲೊನಿಯಲ್ಲಿ ಒಂದೇ ಸಲ ಎರಡು ಬಸಿರು ಬೇಡ. ಬಸುರಿಯರು, ಕೂಸು, ಬಾಣಂತನ ನೋಡೋರು ಅಂತ ಅರ್ಧ ಬಲವೇ ಕೆಲಸದಿಂದ ಹೊರಗೆ. ಅದೇ ಹೊತ್ತಿಗೆ ದಾಳಿ ಬಂದರೆ ಗೋಡೆ ಮೇಲೆ ನಿಲ್ಲೋಕೆ ಜನ ಇರಲ್ಲ.

ವಾಸ್ಕೋ_ಬಂದರು
ಡ್ವಾರ್ಫ್ ಫೋರ್ಟ್ರೆಸ್ ಅನ್ನೋ ಕುಬ್ಜರ ಕೋಟೆ ಆಟದಾಗ ಇನ್ನೊಂದು ನಮೂನಿ. ಅಲ್ಲಿ ಮಿತಿ ಸಂಖ್ಯೆಯಾಗ ಬರೀತಾರ. ಮೊದಲಿನ ಆವೃತ್ತಿಯಾಗ ಡಿ_ಇನಿಟ್ ಅನ್ನೋ ಪಠ್ಯಕಡತ ತೆಗದು ಮಕ್ಕಳ ಮಿತಿ 100:1000 ಇದ್ದದ್ದನ್ನ ತಿದ್ದೋದು. ಮೊದಲನೇದು ಒಟ್ಟು ಎಷ್ಟು ಮಕ್ಕಳು, ಎರಡನೇದು ದೊಡ್ಡವರಿಗೆ ಹೋಲಿಸಿ ಶೇಕಡಾ ಎಷ್ಟು. 15:20 ಅಂತ ಮಾಡಿದ್ರ ಕೋಟೆಯೊಳಗ 15ಕ್ಕಿಂತ ಹೆಚ್ಚು ಮಕ್ಕಳಾಗೂದಿಲ್ಲ. ಒಟ್ಟು ಜನಕ್ಕ 200ರ ಮಿತಿ, ಅದರ ಮ್ಯಾಲೆ 220ರ ಕಟ್ಟುನಿಟ್ಟಿನ ಮಿತಿ. ವಲಸಿಗರನ್ನ ನಿಲ್ಲಿಸೋದು 200, ಹೆರಿಗಿನೂ ನಿಲ್ಲಿಸೋದು 220. ಈ ಭೇದ ಗೊತ್ತಿಲ್ಲದವರು ಮೊದಲನೇ ಅಂಕಿ ಅಷ್ಟ ತಿದ್ದಿ, ಮಕ್ಕಳು ಯಾಕ ನಿಂತಿಲ್ಲ ಅಂತಾರ.

ಉಡುಪಿ_ಟು_ಉಲ್ಹಾಸ್‌ನಗರ
ಅಲ್ಲಿ ತಾಯಂದಿರು ಕೂಸನ್ನ ಎತ್ತಿಕೊಂಡೇ ಯುದ್ಧಕ್ಕೆ ಹೋಗ್ತಾರಂತೆ, ನಿಜವಾ?

ವಾಸ್ಕೋ_ಬಂದರು
ಖರೇನ. ಬಗಲಾಗ ಕೂಸು, ಕೈಯಾಗ ಕೊಡಲಿ. ಅದಕ ಮದುವಿ ಆದ ಹೆಣ್ಣಮಕ್ಕಳನ್ನ ಪಡೆಗೆ ಹಚ್ಚೋ ಮೊದಲು ವಿಚಾರ ಮಾಡ್ರಿ. ಕೂಸು ಸತ್ತರ ತಾಯಿಯ ಮನಸ್ಸು ಮುರೀತೈತಿ, ಆ ದುಃಖ ಭಾಳ ದಿನ ಇರತೈತಿ.

ಮಡಗಾಂವ್_ಪ್ಯಾಸೆಂಜರ್
ಫ್ರಾಸ್ಟ್‌ಪಂಕ್ ಅನ್ನೋ ಆಟದ ಮೊದಲ ಭಾಗದಲ್ಲಿ ಹೆರಿಗೆ ಅನ್ನೋದೇ ಇಲ್ಲ. ಹಿಮದಲ್ಲಿ ಬದುಕುಳಿದವರನ್ನ ಹುಡುಕಿ ತಂದರೇ ಜನ. ಈ ತಲೆನೋವೇ ಬೇಡ ಅನ್ನೋರಿಗೆ ಅದು.

ಮಾಟುಂಗ_ಫಿಲ್ಟರ್‌ಕಾಫಿ
ತಲೆನೋವಲ್ಲ, ಬ್ಯಾನಿಶ್ಡ್‌ನ ಜೀವವೇ ಅದು. 2014ರಲ್ಲಿ ಲ್ಯೂಕ್ ಹೊಡೊರೊವಿಚ್ ಒಬ್ಬರೇ ಕೂತು ಮಾಡಿದ ಆಟ. ಶತ್ರು ಇಲ್ಲ, ಸೈನ್ಯ ಇಲ್ಲ. ಕಾಲ ಒಂದೇ ಎದುರಾಳಿ. ಯಾವ ವರ್ಷ ಯಾವ ಮನೆಯ ಬಾಗಿಲು ತೆರೆದಿರಿ ಅನ್ನುವುದು ಹನ್ನೆರಡು ವರ್ಷ ಆದ ಮೇಲೆ ಕಾಣ್ತದೆ. ಇಷ್ಟು ಸಣ್ಣ ನಿಯಮದಿಂದ ಇಷ್ಟು ಆಳ ತಂದ ಆಟ ಅಪರೂಪ. ಇನ್ನು ನಮ್ಮ ಠಾಣೆಯವರ ಊರಿಗೆ ವಾಪಸ್ ಬರೋಣ.

ಠಾಣೆ_ಕೆರೆದಂಡೆ
ಎಲ್ಲ ಓದಿದೆ, ಡ್ವಾರ್ಫ್‌ಗಳನ್ನೂ ಸೇರಿಸಿ. ಕೆಲಸದವರು 55ಕ್ಕೆ ಇಳಿಯುತ್ತಾರೆ ಅಂದಿರಲ್ಲ, ಯಾವ ಕೆಲಸ ಮೊದಲು ನಿಲ್ಲಿಸಲಿ? ಈಗ ಕಲ್ಲುಗಣಿಯಲ್ಲಿ 10, ಕಬ್ಬಿಣದ ಗಣಿಯಲ್ಲಿ 8, ಹೊಲದಲ್ಲಿ 16, ಗ್ಯಾದರರ್ (ಕಾಡಿನಲ್ಲಿ ಅಣಬೆ, ಗೆಡ್ಡೆ ಆಯುವವರು) 8, ಬೇಟೆ 6, ಮೀನು 4, ಫಾರೆಸ್ಟರ್ (ಮರ ನೆಟ್ಟು ಕಡಿಯುವವರು) 8, ಸೌದೆ 2, ಕಮ್ಮಾರ 2, ದರ್ಜಿ 2, ವ್ಯಾಪಾರ ಕಟ್ಟೆಯಲ್ಲಿ 4, ಮಾರುಕಟ್ಟೆ 4, ಔಷಧಿ ಆಯುವವ 1, ಮಾಸ್ತರ 1. ಉಳಿದವರು ಕೂಲಿ, ಕಟ್ಟಡ ಕೆಲಸ.

ಕೋಥ್ರೂಡ್_ಗುಡ್ಡ
ಗಣಿ ಎರಡೂ ಮೊದಲ ನಿಲ್ಲಿಸ್ರಿ, ಇವತ್ತ. 18 ಜನ ಕೈಗೆ ಬರ್ತಾರ. ಗಣಿಯಾಗ ಸಾವು ನೋವು ಬ್ಯಾರೆ. 56 ಕಲ್ಲು ಮ್ಯಾಲಿನ ನೆಲದಾಗಿಂದನ ಆಯಬಹುದು. ಆಮ್ಯಾಲೆ ವ್ಯಾಪಾರ ಕಟ್ಟಿ 4ರಿಂದ 1ಕ್ಕ. ದರ್ಜಿ ಒಬ್ಬಾವ ಸಾಕು. ಕಮ್ಮಾರ ಇಬ್ಬರೂ ಇರ್ಲಿ, ನೋಮ್ಯಾಡ್‌ಗೆ ಹತಾರ ಬೇಕು. ಸೌದಿ 2ರಿಂದ 3ಕ್ಕ ಏರಿಸ್ರಿ.

ಹೊಲದ ಮಾತು ಬ್ಯಾರೆ. 16 ಜನರ ಹೊಲನ್ನ 10 ಜನ ಮಾಡಾಕ ಹೋದ್ರ ಚಳಿ ಬರೂದ್ರಾಗ ಕಟಾವು ಮುಗಿಯೂದಿಲ್ಲ, ಪೈರು ನಿಂತಲ್ಲೇ ಹಾಳಾಗ್ತದ. ಎಲ್ಲಾ ಹೊಲದಾಗ ಜನ ಕಡಿಮಿ ಮಾಡೂಕಿಂತ ಒಂದೆರಡು ಹೊಲ ಪೂರ್ತಿ ಬೀಳು ಬಿಡ್ರಿ, ಉಳಿದದ್ದಕ್ಕ ಪೂರಾ ಜನ ಹಚ್ರಿ. ಗ್ಯಾದರರ್‌ಗೆ ಕೈ ಹಚ್ಚಬ್ಯಾಡ್ರಿ.

ಮಡಗಾಂವ್_ಪ್ಯಾಸೆಂಜರ್
ಆಹಾರದ ಮಿತಿ ಎಷ್ಟಕ್ಕೆ ಇಟ್ಟಿದ್ದೀರಿ ನೋಡಿ. ಮಿತಿ ಮುಟ್ಟಿದರೆ ಗ್ಯಾದರರ್, ಬೇಟೆಗಾರ, ಮೀನುಗಾರ ಎಲ್ಲರೂ ಕೆಲಸ ನಿಲ್ಲಿಸುತ್ತಾರೆ. ಬೇಟೆ ನಿಂತರೆ ತೊಗಲು ನಿಲ್ಲುತ್ತದೆ, ತೊಗಲು ನಿಂತರೆ ಕೋಟಿಲ್ಲ. ನೋಮ್ಯಾಡ್‌ಗೆ ತಯಾರಾಗುವ ವರ್ಷ ಮಿತಿಯನ್ನ 20,000ಕ್ಕೆ ಏರಿಸಿ.

ಮಾಟುಂಗ_ಫಿಲ್ಟರ್‌ಕಾಫಿ
ಒಳ್ಳೇ ಸೂಚನೆ. ನೋಮ್ಯಾಡ್‌ಗಳನ್ನ ಎಲ್ಲಿ ಹಚ್ಚುವುದು ಅಂತಲೂ ಹೇಳಿಬಿಡ್ತೇನೆ. ಕಲಿಯದವರನ್ನ ಕೂಲಿ, ಕಟ್ಟಡ, ಮಾರುಕಟ್ಟೆಗೆ ಹಾಕಿ. ಕಮ್ಮಾರ, ಸೌದೆ, ಆಹಾರ ಕಲಿತವರ ಕೈಯಲ್ಲಿ ಇರಲಿ. ಅವರ ಮಕ್ಕಳಲ್ಲಿ 10 ತುಂಬದವರು ಶಾಲೆಗೆ ಹೋಗ್ತಾರೆ, ಜಾಗ ಇದ್ದರೆ. ಈಗ 9 ಜನ ಇದ್ದಾರೆ, ನಿಮ್ಮ 11 ಮಕ್ಕಳು ಇನ್ನೆರಡು ವರ್ಷದಲ್ಲಿ ಬರ್ತಾರೆ. 20ರ ಅಂಚಿಗೆ ಬಂತು. ನೋಮ್ಯಾಡ್ ಮಕ್ಕಳನ್ನ ಸೇರಿಸಿದರೆ ಎರಡನೇ ಶಾಲೆ ಬೇಕು.

ಠಾಣೆ_ಕೆರೆದಂಡೆ
ಸರಿ. ಗಣಿ ನಿಲ್ಲಿಸಿದೆ, ಸೌದೆಗೆ ಒಬ್ಬನನ್ನ ಸೇರಿಸಿದೆ, ಮಿತಿ 20,000. ಇಬ್ಬರು ಹುಡುಗಿಯರಿಗೆ 2 ಮನೆ ಈಗಲೇ. ಉಳಿದ 7 ಮನೆಯನ್ನ ಗುರುತು ಹಾಕಿ, ಸಾಮಾನು ತಂದಿಟ್ಟು, ಕಟ್ಟಡ ತಡೆಹಿಡಿದು ಇಡುತ್ತೇನೆ. ನೋಮ್ಯಾಡ್ ಬಂದ ದಿನ ಬಿಡುತ್ತೇನೆ. ಮುಂಚೆಯೇ ಕಟ್ಟಿ ಮುಗಿಸಿದರೆ ಊರಿನ ನಲವತ್ತೈದರವರು ನುಗ್ಗಿಬಿಡುತ್ತಾರಲ್ಲ?

ಹಿಂಜವಡಿ_ರಾತ್ರಿಪಾಳಿ
ಹೌದು, ಸರಿಯಾಗಿ ಹಿಡಿದಿರಿ. ಖಾಲಿ ಮನೆ ಖಾಲಿಯಾಗೇ ಉಳಿಯಲ್ಲ.

ವಾಸ್ಕೋ_ಬಂದರು
ಮನಿ ಜಾಗ ಗ್ಯಾದರರ್ ಗುಡಿಸಲಿನ ಹತ್ರ ಹಿಡೀರಿ, ಆದ್ರ ಅದರ ಕಾಡು ಕಡೀಬ್ಯಾಡ್ರಿ. ಅವರು ಆಯುವ ವೃತ್ತದ ಅಂಚಿಗೆ ಇರ್ಲಿ. ಕಾಡು ಹಳೇದಾದಷ್ಟೂ ಅಣಬಿ, ಗೆಡ್ಡಿ ಹೆಚ್ಚು.

ಠಾಣೆ_ಕೆರೆದಂಡೆ
ಈಗ ಶರತ್ಕಾಲದ ಶುರು. ಮೊದಲ 2 ಮನೆ ಇವತ್ತೇ ಹಚ್ಚಲೇ?

ಕೋಥ್ರೂಡ್_ಗುಡ್ಡ
ಬ್ಯಾಡ್ರಿ. ಈಗ ಹೊಲದವರು ಕಟಾವಿನಾಗ ಇರ್ತಾರ, ದಿಮ್ಮಿ ಹೊರಾಕ ಯಾರೂ ಸಿಗೂದಿಲ್ಲ. ಮನಿ ಅರ್ಧ ಚಳಿಗಾಲದಾಗ ಎದ್ರ ಒಳಗ ಹೊಕ್ಕ ಜೋಡಿ ಹತ್ರ ಸೌದಿ ದಾಸ್ತಾನು ಇರೂದಿಲ್ಲ, ಹಿಮದಾಗ ಅಡ್ಡಾಡಿ ತರಬೇಕಾಗ್ತದ. ಈಗ ಜಾಗ ಗುರುತು ಮಾಡಿ ಮರ ಕಲ್ಲು ತೆರವು ಅಷ್ಟ ಮಾಡಿಸ್ರಿ. ಹುಡುಗಿಯರ ವಯಸ್ಸು ಎಷ್ಟು ಹೇಳ್ರಿ ಮೊದಲ.

ಠಾಣೆ_ಕೆರೆದಂಡೆ
ಒಬ್ಬಳಿಗೆ 19, ಇನ್ನೊಬ್ಬಳಿಗೆ 27.

ಕೋಥ್ರೂಡ್_ಗುಡ್ಡ
27 ಅಂದ್ರ ಬ್ಯಾರೆ ಮಾತು. ವಸಂತಕ್ಕ ಅಕಿ 30ರ ಹತ್ರ ಬರ್ತಾಳ, ಕಾಯ್ದಷ್ಟೂ ಮಕ್ಕಳ ಲೆಕ್ಕ ಕಡಿಮಿ. ಆ ಒಂದು ಮನಿ ಈಗ ಹಚ್ರಿ, ಮಾರುಕಟ್ಟಿ ಬಗಲಿಗೆ, ಸೌದಿ ಕೈಗೆ ಸಿಗೂಹಂಗ. ಗಣಿಯಿಂದ ಬಂದ 18ರಾಗ 3 ಜನ ಕಟ್ಟಡಕ್ಕ, ಉಳಿದವರು ಕೂಲಿಗೆ. 16 ದಿಮ್ಮಿ, 8 ಕಲ್ಲು ಹೊರಾಕ ಎಷ್ಟೊತ್ತು? ಹಿಮ ಬೀಳೂದ್ರಾಗ ಮುಗೀತದ. 19ರ ಹುಡುಗಿ ಮನಿ ವಸಂತಕ್ಕ.